ಗುರುತು ಹೇಳಿ

ಬಸ್ ನಿಲ್ದಾಣದ ಏಳನೇ ಪ್ಲಾಟ್‌ಫಾರಂ ಪಕ್ಕದಲ್ಲಿ, ಪಾರ್ಸೆಲ್ ಕಚೇರಿಗೂ ಶೌಚಾಲಯಕ್ಕೂ ನಡುವೆ, ಒಂದು ಇಕ್ಕಟ್ಟಾದ ಉದ್ದ ಕೋಣೆ. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಬೋರ್ಡು. ಒಳಗೆ ಕಬ್ಬಿಣದ ಕಪಾಟುಗಳ ತುಂಬ ಊರವರ ಮರೆವೆಲ್ಲ ಚೀಟಿ ಅಂಟಿಸಿಕೊಂಡು ಕೂತಿರುತ್ತಿತ್ತು. ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಮದುವೆಯ ಸೂಟು. ಆ ಕೋಣೆಯ ಒಡತಿಗೆ ಹೆತ್ತವರು ಇಟ್ಟ ಹೆಸರು ಇರಲಿಲ್ಲವೆಂದಲ್ಲ, ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರತನಕ ಎಲ್ಲರಿಗೂ ಅವಳು ಗುರುತಮ್ಮ.

ಹೆಸರು ಬಂದದ್ದು ಹೀಗೆ. ಯಾರೋ ಏದುಸಿರು ಬಿಡುತ್ತ ಬಂದು, “ಅಮ್ಮಾ, ಬಸ್ಸಲ್ಲಿ ಕೊಡೆ ಬಿಟ್ಟೆ” ಎನ್ನುತ್ತಿದ್ದರು. ಅವಳು ರಿಜಿಸ್ಟರಿನಿಂದ ತಲೆ ಎತ್ತದೆ, “ಗುರುತು ಹೇಳಿ” ಎನ್ನುತ್ತಿದ್ದಳು.

“ಕಪ್ಪು ಕೊಡೆ.”

“ಕಪ್ಪು ಕೊಡೆ ಇಲ್ಲಿ ನಲವತ್ತಿವೆ. ಗುರುತು ಹೇಳಿ.”

ಬಂದವನು ತಡವರಿಸಿದರೆ ಅವಳೇ ಒಂದು ಗಾಳ ಹಾಕುತ್ತಿದ್ದಳು. “ಹಿಡಿ ಮರದ್ದು, ಅಲ್ವಾ?” ಸುಳ್ಳನಾದರೆ, “ಹೌದು ಹೌದು, ಮರದ್ದೇ” ಎಂದು ಗಾಳಕ್ಕೆ ಬೀಳುತ್ತಿದ್ದ. ನಿಜವಾದ ಒಡೆಯನಾದರೆ, “ಅಯ್ಯೋ ಇಲ್ಲಮ್ಮ, ಪ್ಲಾಸ್ಟಿಕ್ಕು. ಅದೂ ತುದೀಲಿ ಸೀಳಿದೆ, ನಾನೇ ದಾರ ಸುತ್ತಿದೀನಿ” ಎನ್ನುತ್ತಿದ್ದ. ತನ್ನದಲ್ಲದ್ದನ್ನು ಕೇಳಲು ಬಂದವನು ವಸ್ತುವನ್ನು ಹೊಗಳುತ್ತಾನೆ, ತನ್ನದನ್ನು ಕೇಳಲು ಬಂದವನು ಅದರ ಕುಂದು ಹೇಳುತ್ತಾನೆ. ಇದು ಗುರುತಮ್ಮನ ಇಪ್ಪತ್ತೇಳು ವರ್ಷದ ವಿದ್ಯೆ. ಗುರುತು ತಾಳೆಯಾಯಿತೋ, ಎದುರಿಗಿರುವವನ ಮುಖ ಕಂಡರೆ ಮೈ ಉರಿದರೂ ಸರಿ, ವಸ್ತುವನ್ನು ಕೊಟ್ಟುಬಿಡಬೇಕು. ತಡೆಹಿಡಿಯುವ ಅಧಿಕಾರ ಅವಳಿಗಿಲ್ಲ.

ಇನ್ನೊಂದು ಸಂಗತಿ ಹತ್ತಿರದವರಿಗೆ ಮಾತ್ರ ಗೊತ್ತಿತ್ತು. ಗುರುತಮ್ಮನ ಮಾತಿನಲ್ಲಿ ಸ, ಶ, ಷ ಎಂಬ ಮೂರು ಅಕ್ಷರಗಳೇ ಇರಲಿಲ್ಲ. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು, ದವಡೆ ಮುರಿದು ಕೂಡಿದ್ದು. ಆ ಅಕ್ಷರಗಳನ್ನು ಹೇಳಹೊರಟರೆ ಕುಕ್ಕರ್ ಕೂಗಿದ ಹಾಗೆ ಸೀಟಿ ಹೊರಡುತ್ತಿತ್ತು. ಒಂದೆರಡು ಸಲ ಜನ ನಕ್ಕರು, ಅವಳು ಅವುಗಳ ಸಹವಾಸವನ್ನೇ ಬಿಟ್ಟಳು. ಬಸ್ಸಿಗೆ ಗಾಡಿ ಎಂದಳು, ಸಂಜೆಗೆ ಇಳಿಹೊತ್ತು ಎಂದಳು, ಶನಿವಾರಕ್ಕೆ ಭಾನುವಾರದ ಹಿಂದಿನ ದಿನ ಎಂದಳು. ಟೀಗೆ ಸಕ್ಕರೆ ಸಾಲದಿದ್ದರೆ, “ಬಿಳೀದು ಇನ್ನೊಂದು ಚಮಚ ಹಾಕಪ್ಪ” ಎನ್ನುತ್ತಿದ್ದಳು. ಕೇಳುವವರಿಗೆ ಇವಳೊಂದು ನಮೂನೆ ಹೆಂಗಸು ಅನಿಸುತ್ತಿತ್ತೇ ಹೊರತು ಏನೋ ಕಡಿಮೆ ಇದೆ ಅಂತ ಅನಿಸುತ್ತಿರಲಿಲ್ಲ.

ಆದರೆ ಅದೇ ನಿಲ್ದಾಣದಲ್ಲಿ, ಮೊದಲು, ಅವಳು ಬರೀ ದನಿಯಾಗಿದ್ದಳು. ಮಹಡಿಯ ಮೇಲಿನ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು, “ಪ್ರಯಾಣಿಕರ ಗಮನಕ್ಕೆ. ಈಗ ಸಮಯ ಹತ್ತು ಗಂಟೆ ಇಪ್ಪತ್ತು ನಿಮಿಷ” ಎಂದರೆ ಗಡಿಬಿಡಿಯ ಜನವೂ ಒಂದು ಕ್ಷಣ ನಿಂತು ಕೇಳುತ್ತಿತ್ತು. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಆ ದನಿಯ ಮೇಲೆ ಅವಳಿಗೂ ಸ್ವಲ್ಪ ಜಂಬವೇ. ಮನೆಯಲ್ಲಿ ಅಮ್ಮ ಟೈಮ್ ಕೇಳಿದರೂ, “ಎಂಟು ಗಂಟೆ ಹದಿನೈದು ನಿಮಿಷ” ಎಂದು ಪೂರ್ತಿ ಹೇಳುವಳು. ತಮ್ಮ ಒಳಗಿನಿಂದ, “ಪ್ರಯಾಣಿಕರ ಗಮನಕ್ಕೆ!” ಎಂದು ಅಣಕಿಸುವನು.

ಅದಕ್ಕೆಲ್ಲ ಕಲ್ಲು ಬಿದ್ದದ್ದು ಅವಳ ಇಪ್ಪತ್ತೇಳನೇ ವಯಸ್ಸಿನಲ್ಲಿ. ಒಂದು ದಿನ ಮಹಡಿಯ ಕಿಟಕಿಯಿಂದ, ಮೂವರು ಹುಡುಗರು ಪ್ರಯಾಣಿಕರ ಚೀಲಗಳಿಗೆ ಕೈ ಹಾಕುವುದನ್ನು ಕಂಡು ಮೈಕಿನಲ್ಲಿ ಎಚ್ಚರಿಸಿದಳು. ಜನ ಅವರನ್ನು ಹಿಡಿದು ತದಕಿ ಕಳಿಸಿತು. ಮಾರನೇ ಸಂಜೆ ಅವಳು ಕೆಲಸ ಮುಗಿಸಿ ಹಿಂದಿನ ಗೇಟಿನಿಂದ ಹೊರಟಾಗ, ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ಅದೇ ಮೂವರು ಅವಳ ಮೇಲೆ ಬಿದ್ದರು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದಳು, ಬಾಯಿಗೆ ತಂತಿ ಕಟ್ಟಿದ್ದರು. ಏಟು ಬೀಳುವ ಮುಂಚಿನ ಹತ್ತು ನಿಮಿಷ ಅವಳ ನೆನಪಿನಿಂದ ಅಳಿಸಿಹೋಗಿತ್ತು.

ಹುಡುಗರು ಸಿಕ್ಕಿಬಿದ್ದರು, ಶಿಕ್ಷೆಯಾಯಿತು, ಬಿಡುಗಡೆಯೂ ಆಯಿತು. ಒಬ್ಬ ಲಾರಿಗೆ ಸಿಕ್ಕಿ ಸತ್ತ, ಇನ್ನೊಬ್ಬ ಊರು ಬಿಟ್ಟ. ಮೂರನೆಯವನು, ಆಗ ಹದಿನೇಳರವನು, ಮಕ್ಕಳ ಜೈಲಿನಲ್ಲಿ ಹಳೇ ಕಾಲುಚೀಲದಿಂದ ಗೊಂಬೆ ಮಾಡುವುದನ್ನು ಕಲಿತು, ಬೀದಿಯಲ್ಲಿ ಆಡಿಸಿ, ಕೊನೆಗೆ ಟೀವಿಗೆ ಬಂದು ನಾಡಿಗೆ ನಾಡೇ ಮೆಚ್ಚುವ ಗೊಂಬೆ ಮಾಮ ಆದ. ಅವನ ಆಟದಲ್ಲಿ ಒಂದು ಕತ್ತೆ. ಅದು ವಾರವಾರವೂ ಯಾರಿಗಾದರೂ ಒದ್ದು, ಆಮೇಲೆ ಕಿವಿ ಜೋಲಿಸಿ, “ತಪ್ಪಾಯ್ತು, ತಪ್ಪಾಯ್ತು” ಎನ್ನುತ್ತಿತ್ತು. ಟೀವಿ ಮುಂದಿನ ಮಕ್ಕಳೆಲ್ಲ ಒಟ್ಟಿಗೆ, “ಹೋಗ್ಲಿ ಬಿಡು!” ಎಂದು ಕಿರುಚುತ್ತಿದ್ದವು. ತಮ್ಮನ ಮಗಳು ಚಿಕ್ಕವಳಿದ್ದಾಗ ಹಾಗೆ ಕಿರುಚುವುದು ಕೇಳಿ ಗುರುತಮ್ಮ ಟೀವಿ ಆರಿಸಿದ್ದಳು. “ಊರ ಮಕ್ಕಳೆಲ್ಲ ಹೋಗ್ಲಿ ಬಿಡು ಅಂದ್ರೆ ಆಯ್ತಾ? ಒದೆ ತಿಂದವರು ಅನ್ನೋದು ಬೇಡ್ವಾ?” ಎಂದಿದ್ದಳು. ಊರಿಗೆಲ್ಲ ಮಾಮ, ನನಗೆ ಮಾತ್ರ ಯಮ, ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ನಿಜ ಹೇಳಬೇಕೆಂದರೆ, ಗೊಂಬೆ ಮಾಮನ ಮೇಲಿನ ಸಿಟ್ಟು ಅವಳಿಗೆ ಅಷ್ಟು ಭಾರವಾಗಿರಲಿಲ್ಲ. ಹೊರಗಿನವನು, ಒದ್ದ, ಶಿಕ್ಷೆ ಅನುಭವಿಸಿದ. ಅವಳನ್ನು ಇಪ್ಪತ್ತೇಳು ವರ್ಷ ಒಳಗಿಂದೊಳಗೇ ತಿಂದದ್ದು ಬೇರೆ. ಮುಖವೇ ಗೊತ್ತಿಲ್ಲದ ತನ್ನನ್ನು ಆ ಹುಡುಗರು ಹೇಗೆ ಗುರುತಿಸಿದರು? ದಿನವೂ ಮುಂದಿನ ಗೇಟಿನಿಂದ ಹೋಗುವವಳು ಅವತ್ತು ಹಿಂದಿನ ಗೇಟಿನಿಂದ ಬರುತ್ತಾಳೆಂದು ಅವರಿಗೆ ಹೇಗೆ ತಿಳಿಯಿತು? ಮುಂದೆ ರಸ್ತೆ ಅಗೆದಿದ್ದಾರೆ, ಹಿಂದಿನಿಂದ ಬರುತ್ತೇನೆ ಎಂದು ಅವತ್ತು ಮಧ್ಯಾಹ್ನ ಅವಳು ಒಬ್ಬನಿಗೆ ಮಾತ್ರ ಹೇಳಿದ್ದಳು. ಊಟದ ಡಬ್ಬಿ ತಂದುಕೊಟ್ಟ ತಮ್ಮನಿಗೆ. ಆ ತಮ್ಮ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಅದೇ ಹುಡುಗರ ಜೊತೆ ಇಸ್ಪೀಟು ಆಡುತ್ತಿದ್ದ. ಅಕ್ಕ ಆಸ್ಪತ್ರೆಯಲ್ಲಿದ್ದಾಳೆಂದು ಗೊತ್ತಾದರೂ ಅವನು ಬಂದದ್ದು ಎರಡು ದಿನ ಬಿಟ್ಟು, ಬಂದಾಗಲೂ ಗೋಡೆ ನೋಡಿಕೊಂಡೇ ನಿಂತಿದ್ದ.

ನೀನೇ ಹೇಳಿದೆಯಾ ಎಂದು ಅವಳು ಕೇಳಲಿಲ್ಲ. ಕೋರ್ಟಿನಲ್ಲೂ ಆ ಪ್ರಶ್ನೆ ಎತ್ತಲಿಲ್ಲ. ಹೌದು ಎಂಬ ಉತ್ತರ ಬಂದರೆ ಇದ್ದೊಬ್ಬ ತಮ್ಮನೂ ಹೋದ ಹಾಗೆಯೇ, ಅಮ್ಮ ಎದೆಯೊಡೆದುಕೊಳ್ಳುತ್ತಾಳೆ. ಕೇಳದೆ ಇದ್ದರೆ ಅರ್ಧ ತಮ್ಮನಾದರೂ ಉಳಿಯುತ್ತಾನೆ. ಆ ಅರ್ಧ ತಮ್ಮನ ಜೊತೆಗೇ ಅವಳು ಬಾಳಿದಳು. ಅವನ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಕೆಳಗೆ, ಅವಳ ಮನೆ ಮೇಲೆ. ಉದ್ದಕ್ಕಿದ್ದ ಅವನನ್ನು ಬೀದಿಯವರೆಲ್ಲ ಉದ್ದಣ್ಣ ಎನ್ನುತ್ತಿದ್ದರು. ಬೆಳಗ್ಗೆ ಅವಳು ಮೆಟ್ಟಿಲಿಳಿಯುವಾಗ ಅವನು ಅಂಗಡಿಯ ಶಟರ್ ಎತ್ತುತ್ತ, “ಅಕ್ಕಾ, ಎಷ್ಟೊತ್ತಿಗೆ ಬರ್ತೀಯ?” ಎಂದು ಕೇಳುತ್ತಿದ್ದ.

“ಬಂದಾಗ ಬರ್ತೀನಿ.”

ಇಪ್ಪತ್ತೇಳು ವರ್ಷ ಅವನು ಅದೇ ಪ್ರಶ್ನೆ ಕೇಳಿದ, ಅವಳು ಅದೇ ಉತ್ತರ ಕೊಟ್ಟಳು. ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಬರುತ್ತೇನೆಂದು ಅವಳು ಅವನಿಗೆ ಮತ್ತೆಂದೂ ಹೇಳಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಕ್ಷಮಾದಾನ ಮಂಡಳಿಯ ಗುಮಾಸ್ತ ಫೈಲು ಹಿಡಿದು ಬಂದ. ಗೊಂಬೆ ಮಾಮ ಮಕ್ಕಳಿಗಾಗಿ ಒಂದು ವಸತಿ ಶಾಲೆ ತೆರೆಯಬೇಕೆಂದಿದ್ದಾನೆ, ಹೊಡೆದಾಟದ ಅಪರಾಧ ದಾಖಲೆಯಲ್ಲಿರುವವರಿಗೆ ಪರವಾನಗಿ ಇಲ್ಲ, ಆದ್ದರಿಂದ ಕ್ಷಮಾದಾನಕ್ಕೆ ಅರ್ಜಿ ಹಾಕಿದ್ದಾನೆ, ಎಂದು ವಿವರಿಸಿ ಒಂದು ಫಾರಂ ಮುಂದಿಟ್ಟ. ಅದರಲ್ಲಿ ‘ಬಾಧಿತರಿಗೆ ಆಕ್ಷೇಪಣೆ: ಇದೆ / ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದಿತ್ತು.

“ಹೊಡೆಯೋದು ನನಗೆ ಬರಲ್ಲಪ್ಪ,” ಎಂದಳು ಗುರುತಮ್ಮ. “ಅದೆಲ್ಲ ಅರ್ಜಿ ಹಾಕಿದವರಿಗೆ ಗೊತ್ತು.”

ಗುಮಾಸ್ತನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಅಮ್ಮಾ, ಚಿಕ್ಕ ವಯಸ್ಸು, ಮಾಡಿದಾರೆ. ಈಗ ಎಷ್ಟು ಬದಲಾಗಿದಾರೆ ನೋಡಿ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ.”

“ಹೊಟ್ಟೆಗೆ ಹಾಕ್ಕೊಳ್ಳೋಕೆ ಮೊದ್ಲು ಅಗಿಯೋ ಹಲ್ಲು ಬೇಕಲ್ಲಪ್ಪ,” ಎಂದು ಅವಳು ಅರ್ಜಿಯನ್ನು ಕೈಗೆತ್ತಿಕೊಂಡಳು. ವಕೀಲರ ಭಾಷೆ. ‘ಹದಿನೇಳನೆಯ ವಯಸ್ಸಿನಲ್ಲಿ ಸಹವಾಸ ದೋಷದಿಂದ ಒಂದು ಅಹಿತಕರ ಘಟನೆ ಸಂಭವಿಸಿ, ಒಬ್ಬ ಮಹಿಳೆಗೆ ತೊಂದರೆಯುಂಟಾದದ್ದಕ್ಕೆ ವಿಷಾದಿಸುತ್ತೇನೆ.’ ಎರಡು ಸಲ ಓದಿ ಕೆಳಗಿಟ್ಟಳು.

“ಇದು ಬರೀ ಕಪ್ಪು ಕೊಡೆ.”

“ಅಂದ್ರೆ?”

“ಗುರುತೆಲ್ಲಿ? ಯಾರ ಕೈ, ಯಾವ ಗೇಟು, ಯಾರ ಬಾಯಿ? ಅವರೇ ಇಲ್ಲಿಗೆ ಬಂದು ಗುರುತು ಹೇಳಲಿ. ತಾಳೆ ಆದ್ರೆ ಇಲ್ಲ ಅಂತ ಬರೀತೀನಿ. ಆಗದಿದ್ರೆ ಇದೆ ಅಂತ.”

ಸುದ್ದಿ ಮಧ್ಯಾಹ್ನದೊಳಗೆ ಇಡೀ ನಿಲ್ದಾಣ ಸುತ್ತಿತು. ಕ್ಯಾಂಟೀನಿನಲ್ಲಿ ಎರಡು ಪಕ್ಷವಾದವು. ನನ್ನ ಮಗಳು ಮಾತು ಕಲಿತದ್ದೇ ಗೊಂಬೆ ಮಾಮನಿಂದ, ಒಂದು ಸಹಿ ಹಾಕಿದ್ರೆ ಗುರುತಮ್ಮನ ಗಂಟೇನು ಹೋಗ್ತದೆ ಎಂದ ಒಬ್ಬ ಡ್ರೈವರು. ಹೆಸರಿಲ್ಲದ ಬಡಪಾಯಿ ಅರ್ಜಿ ಹಾಕಿದ್ರೆ ಮಂಡಳಿ ಗುಮಾಸ್ತ ಹೀಗೆ ಮನೆಬಾಗಿಲಿಗೆ ಬರ್ತಿದ್ನಾ ಎಂದಳು ಟಿಕೆಟ್ ಕೌಂಟರಿನವಳು. ಇಬ್ಬರ ಮಾತೂ ಗುರುತಮ್ಮನಿಗೆ ಸರಿಯೆನಿಸಿತು, ಇಬ್ಬರ ಮಾತಿನಿಂದಲೂ ಅವಳಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅವಳ ಭಯವೇ ಬೇರೆ. ಬಾಯಿ ತಪ್ಪಿ ಗುರುತು ಹೇಳಿ ಅಂದುಬಿಟ್ಟೆನಲ್ಲ, ಅವನು ಬಂದು ನಿಮ್ಮ ತಮ್ಮನೇ ಹೇಳಿದ್ದು ಅಂದರೆ ಏನು ಗತಿ? ತಣ್ಣಗಿದ್ದ ಬೂದಿಯನ್ನು ಕೆದಕಿದವಳು ತಾನೇ. ಆ ಎರಡು ದಿನ ಬೆಳಗ್ಗೆ ಉದ್ದಣ್ಣ “ಎಷ್ಟೊತ್ತಿಗೆ ಬರ್ತೀಯ” ಎಂದಾಗ ಉತ್ತರವನ್ನೂ ಕೊಡದೆ ಹೊರಟಳು.

ಗುರುವಾರ ಮೂರು ಗಂಟೆ ಹೊತ್ತಿಗೆ ಅವನು ಬಂದ. ಟೋಪಿ ಹಾಕಿ ಮುಖ ಮರೆಸಿಕೊಂಡಿದ್ದರೂ ಪೋರ್ಟರುಗಳು ಗುರುತು ಹಿಡಿದು ಬಾಗಿಲಲ್ಲಿ ಗುಂಪು ಕೂಡಿದರು. ಕಿಟಕಿಯ ಮುಂದೆ ಇಬ್ಬರಿದ್ದರು, ಊಟದ ಡಬ್ಬಿ ಕಳೆದವನೊಬ್ಬ, ಕನ್ನಡಕ ಕಳೆದ ಮುದುಕಿಯೊಬ್ಬಳು. ಮುಂದೆ ಹೋಗಿ ಸಾರ್ ಎಂದು ಯಾರೋ ಜಾಗ ಬಿಡಲು ಬಂದರೆ ಅವನು ಬೇಡವೆಂದು ಸಾಲಿನಲ್ಲೇ ನಿಂತ. ಮುದುಕಿ ತನ್ನ ಕನ್ನಡಕದ ಎಡಗಡೆ ಕಾಲಿಗೆ ಬಟ್ಟೆ ಸುತ್ತಿದ್ದನ್ನು ಹೇಳಿ, ಪಡೆದುಕೊಂಡು, ಹಾಕಿಕೊಂಡು, ಹಿಂತಿರುಗಿ ನೋಡಿ, “ಅರೆ, ಗೊಂಬೆ ಮಾಮ!” ಎಂದಳು. ಗುರುತಮ್ಮ ಬಾಗಿಲು ಹಾಕಿಸಿದಳು. ಕೂತ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಗುರುತು ಹೇಳಿ.”

ಟೀವಿಯಲ್ಲಿ ಕಾಣುವುದಕ್ಕಿಂತ ಅವನಿಗೆ ವಯಸ್ಸಾಗಿತ್ತು. “ಅಮ್ಮಾ, ಆಗ ನಾನು ಚಿಕ್ಕವನು, ಮನೆಯಲ್ಲಿ ಕಷ್ಟ...”

“ಅದು ನಿಮ್ಮ ಗುರುತು. ನಾನು ಕೇಳಿದ್ದು ಕಳೆದದ್ದರ ಗುರುತು.”

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಮೊದಲಿಂದ ಶುರುಮಾಡಿದ. “ಹಿಂದಿನ ದಿನ ನೀವು ಮೈಕಲ್ಲಿ ಹೇಳಿದ್ರಿ. ನಾಲ್ಕನೇ ಅಂಕಣದ ಬಳಿ ಮೂವರು ಹುಡುಗರಿದ್ದಾರೆ, ಒಬ್ಬನ ಅಂಗಿಗೆ ಗುಂಡಿಯಿಲ್ಲ, ಸಾಮಾನು ಜೋಪಾನ ಅಂತ. ಗುಂಡಿಯಿಲ್ಲದವನು ನಾನು. ಕಳ್ಳ ಅಂದಿದ್ದು ನೋವಾಗ್ಲಿಲ್ಲ, ಕಳ್ಳನೇ ತಾನೆ. ಗುಂಡಿಯಿಲ್ಲ ಅಂದಿದ್ದಕ್ಕೆ ಇಡೀ ನಿಲ್ದಾಣ ನಕ್ತು, ಅದು ನೋವಾಯ್ತು. ಆ ದನಿಗೆ ಬುದ್ಧಿ ಕಲಿಸ್ಬೇಕು ಅಂತ ನಾನೇ ಅಂದೆ. ಉಳಿದ ಇಬ್ಬರು ಮೊದಲು ಬೇಡ ಅಂದ್ರು, ಆಮೇಲೆ ಒಪ್ಪಿದ್ರು.”

ಗುರುತಮ್ಮ ಇಪ್ಪತ್ತೇಳು ವರ್ಷದ ವಿದ್ಯೆಯನ್ನೆಲ್ಲ ಒಟ್ಟುಮಾಡಿ ಗಾಳ ಹಾಕಿದಳು. “ನಾನು ಹಿಂದಿನ ಗೇಟಲ್ಲಿ ಬರ್ತೀನಿ ಅಂತ ನಿಮಗೆ ಯಾರೋ ಹೇಳಿದ್ರು, ಅಲ್ವಾ?”

ಹೌದು ಎಂದರೆ ಅವನಿಗೆ ಲಾಭವೇ. ಪಾಪದಲ್ಲಿ ಪಾಲುದಾರನೊಬ್ಬ ಸಿಕ್ಕರೆ ಯಾರಿಗೆ ಬೇಡ?

“ಇಲ್ಲಮ್ಮ, ಯಾರೂ ಹೇಳ್ಲಿಲ್ಲ,” ಎಂದ ಅವನು. “ನಿಮ್ಮ ಮುಖಾನೇ ನಮಗೆ ಗೊತ್ತಿರ್ಲಿಲ್ಲ. ಮೂರು ಗೇಟಿಗೆ ಮೂರು ಜನ ನಿಂತ್ವಿ. ಕೆಲಸ ಮುಗಿಸಿ ಬರೋ ಹೆಂಗಸರನ್ನೆಲ್ಲ, ಅಕ್ಕಾ ಟೈಮ್ ಎಷ್ಟು ಅಂತ ಕೇಳ್ತಿದ್ವಿ. ದನಿ ಕೇಳಿದ್ರೆ ಗೊತ್ತಾಗ್ತದಲ್ಲ. ನಾನು ಹಿಂದಿನ ಗೇಟಲ್ಲಿದ್ದೆ. ಒಬ್ಬರು ಐದೂವರೆ ಅಂದ್ರು. ಇನ್ನೊಬ್ಬರು ಗೋಡೆ ಗಡಿಯಾರ ತೋರಿಸಿ ಹೋದ್ರು. ನೀವು ನಿಂತ್ರಿ. ಕೈ ತಿರುಗಿಸಿ ವಾಚು ನೋಡಿ, ‘ಐದು ಗಂಟೆ ನಲವತ್ತು ನಿಮಿಷ’ ಅಂದ್ರಿ. ಹಾಗೆ ಪೂರ್ತಿ ಹೇಳೋರು ಈ ಊರಲ್ಲಿ ನೀವೊಬ್ಬರೇ.”

ಗುರುತಮ್ಮನ ಕೈ ಕುರ್ಚಿಯ ಹಿಡಿಯಿಂದ ತಾನಾಗಿ ಜಾರಿತು.

“ಇನ್ನೊಂದು ಇದೆ. ಇದನ್ನ ನಾನು ಯಾರ ಹತ್ರಾನೂ ಹೇಳಿಲ್ಲ. ನೀವು ಟೈಮ್ ಹೇಳಿ, ನನ್ನ ಮುಖ ನೋಡಿ, ‘ಹೊತ್ತಾಯ್ತು, ಹೋಗಪ್ಪ, ಕಾಯ್ತಿರ್ತಾರೆ’ ಅಂದ್ರಿ. ಕಾಯೋರು ನನಗೆ ಯಾರಿದ್ರು? ಅದಕ್ಕೆ ಇನ್ನೂ ಸಿಟ್ಟು ಬಂತು. ಶಿಳ್ಳೆ ಹೊಡೆದು ಅವರಿಬ್ಬರನ್ನ ಕರೆದೆ. ಸ್ಟ್ಯಾಂಡಲ್ಲಿದ್ದ ಸೈಕಲ್ ಪಂಪು ತಗೊಂಡೆ. ಮೊದಲ ಏಟು ನಂದು. ಕೋರ್ಟಲ್ಲಿ ನಾನು ಬರೀ ನಿಂತಿದ್ದೆ ಅಂದಿದ್ದೆ. ಸುಳ್ಳು. ಬಾಯಿಗೆ ಬಿದ್ದಿದ್ದು ನನ್ನ ಏಟೇ.”

ಅಳಿಸಿಹೋಗಿದ್ದ ಹತ್ತು ನಿಮಿಷ ಆಗ ಅವಳ ಕಣ್ಣ ಮುಂದೆ ಬಂದು ನಿಂತಿತು. ಗೇಟು, ಇಳಿಬಿಸಿಲು, ಬರಿಗಾಲಿನ ಹುಡುಗ. ಅಂಗಿಯ ಎದೆಯಲ್ಲಿ ಏನೋ ಮಿಂಚುತ್ತಿತ್ತು.

“ಪಿನ್ನು,” ಎಂದಳು. “ಅಂಗಿಗೆ ಎರಡು ಪಿನ್ನು ಚುಚ್ಕೊಂಡಿದ್ದಿರಿ.”

“ಹೌದಮ್ಮ. ಎರಡು.”

“ನನ್ನ ತಮ್ಮ? ಶೆ...” ಶೆಡ್ಡು ಎನ್ನಲು ಹೋಗಿ ತಡೆದಳು. “ಅಲ್ಲಿ ಹಿಂದುಗಡೆ ನಿಮ್ಮ ಜೊತೆ ಎಲೆ ಆಡ್ತಿದ್ದ ಉದ್ದನೆ ಹುಡುಗ. ಅವನು ಏನೂ ಹೇಳ್ಲಿಲ್ವಾ?”

“ಉದ್ದಣ್ಣನಾ? ಅವನು ನಿಮ್ಮ ತಮ್ಮ ಅಂತ ನಮಗೆ ಗೊತ್ತಾಗಿದ್ದೇ ಕೋರ್ಟಲ್ಲಿ. ಮೊದಲೇ ಗೊತ್ತಿದ್ದಿದ್ರೆ ಕೈ ಮಾಡ್ತಿದ್ವೋ ಇಲ್ವೋ... ಮಾಡ್ತಿರ್ಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಅವನಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.”

ಗುರುತಮ್ಮ ನಕ್ಕಳು. ಸಣ್ಣಗೆ ಶುರುವಾದ ನಗು ದೊಡ್ಡದಾಯಿತು, ಕಟ್ಟಿದ ಹಲ್ಲು ಸಡಿಲವಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು, ಆದರೂ ನಗು ನಿಲ್ಲಲಿಲ್ಲ. ಎದುರಿಗೆ ನಿಂತವನಿಗೆ ಗಾಬರಿ. ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿದೆ? ಅವನಿಗೇನು ಗೊತ್ತು! ತಮ್ಮ ಹೇಳಿರಲಿಲ್ಲ. ಹೇಳಿದ್ದು ಅವಳೇ, ಅವಳ ಜಂಬದ ದನಿಯೇ, ಟೈಮ್ ಕೇಳಿದವನಿಗೆ ಮುತ್ತು ಪೋಣಿಸಿದ ಹಾಗೆ ಉತ್ತರ ಕೊಟ್ಟ ಅವಳ ನಾಲಿಗೆಯೇ. ತನ್ನದೇ ತಪ್ಪು ಎಂದೇನೂ ಅವಳಿಗೆ ಅನಿಸಲಿಲ್ಲ, ಟೈಮ್ ಹೇಳುವುದು ತಪ್ಪೇ? ತಮ್ಮನಲ್ಲ ಎಂಬುದೊಂದೇ ಸಾಕಾಗಿತ್ತು. ಮೈ ಇಷ್ಟು ಹಗುರವಾಗಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಬೇಕಾಗಿರಲಿಲ್ಲ, ಲೆಕ್ಕ ಬಾಯಿಪಾಠವಾಗಿತ್ತು.

ನಗು ನಿಂತ ಮೇಲೆ ಒಂದು ಲೋಟ ನೀರು ಕುಡಿದಳು. ದಾರ ಕಟ್ಟಿದ್ದ ಪೆನ್ನನ್ನು ಅವನ ಕಡೆ ತಳ್ಳಿದಳು. “ಈಗ ಹೇಳಿದ್ದನ್ನೆಲ್ಲ ನಿಮ್ಮ ಅರ್ಜಿಯ ಹಿಂದೆ ಬರೀರಿ. ಮಂಡಳಿಯವರ ಮುಂದೆ ಇದನ್ನೇ ಓದಿ.”

“ವಕೀಲರು ಒಪ್ಪಲ್ಲಮ್ಮ. ಮೊದಲ ಏಟು ನಂದು ಅಂತ ನಾನೇ ಬರೆದುಕೊಟ್ರೆ ಪೇಪರಿನವರು...”

“ಒಪ್ಪದಿದ್ರೆ ವಕೀಲರೇ ಅರ್ಜಿ ಹಾಕ್ಕೊಳ್ಲಿ.”

ಅವನು ಬರೆದ. ದಾರ ಗಿಡ್ಡ, ಮೇಜಿಗೆ ಬಾಗಿ ಬಾಗಿ ಬರೆಯಬೇಕಾಯಿತು. ಸೈಕಲ್ ಪಂಪು ಎಂಬಲ್ಲಿ ಪೆನ್ನು ನಿಂತಿತು, ಮತ್ತೆ ಮುಂದೆ ಹೋಯಿತು. ಅವಳು ಓದಿ ನೋಡಿ, ಫಾರಂ ಎಳೆದುಕೊಂಡು, ‘ಇದೆ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಷರಾ ಎಂಬ ಜಾಗದಲ್ಲಿ, ‘ಗುರುತು ತಾಳೆಯಾಗಿದೆ’ ಎಂದು ಬರೆದು ರುಜು ಹಾಕಿದಳು.

ಅವನು ಕಾಗದ ಮಡಿಸಿ ಜೇಬಿಗಿಟ್ಟ. ಹೊರಡಲಿಲ್ಲ. “ಅಂದ್ರೆ... ನೀವು ನನ್ನ ಕ್ಷಮಿಸಿದ್ರಾ ಅಮ್ಮಾ?”

ಗುರುತಮ್ಮ ಯೋಚಿಸಿದಳು. ಅವನು ಮೋಸ ಮಾಡಿರಲಿಲ್ಲ, ತಾನೂ ಮಾಡಬಾರದು. “ಅದು ನನಗೆ ಗೊತ್ತಿಲ್ಲ. ಹೋದ ಹಲ್ಲಂತೂ ತಿರುಗಿ ಬರಲ್ಲ. ಒಂದೊಂದು ದಿನ ಕನ್ನಡಿ ನೋಡಿದ್ರೆ ನಿಮ್ಮ ಮೇಲೆ ಈಗಲೂ ಕೋಪ ಬರ್ತದೆ, ಮುಂದೂ ಬರ್ತದೆ. ಆದ್ರೆ ನಿಮ್ಮನ್ನ ಮಕ್ಕಳಿಂದ ದೂರ ಇಡೋಕೆ ನಾನು ಯಾರು? ಅವರಿಗೆ ನೀವು ಬೇಕು.” ಮಾತು ನಿಲ್ಲಿಸಿ ಅವನ ಮುಖ ನೋಡಿದಳು. ಅಷ್ಟು ಹೊತ್ತೂ ಬಹುವಚನದಲ್ಲೇ ಇದ್ದ ನಾಲಿಗೆ ಹಳೇ ದಾರಿ ಹಿಡಿಯಿತು. “ಹೊತ್ತಾಯ್ತು. ಹೋಗಪ್ಪ, ಕಾಯ್ತಿರ್ತಾರೆ.”

ನಾಡನ್ನೆಲ್ಲ ನಗಿಸುವ ಮನುಷ್ಯ ಟೋಪಿಯಲ್ಲಿ ಮುಖ ಒರೆಸಿಕೊಂಡು ಬಾಗಿಲು ತೆರೆದು ಹೋದ.

ಆ ಸಂಜೆ ಗುರುತಮ್ಮ ಮನೆಗೆ ಬಂದಳೋ ಹಾರಿ ಬಂದಳೋ. ಬೀದಿಯ ತಿರುವಿಗೆ ಬಂದಾಗ ಮಾತ್ರ ಕಾಲು ನಿಧಾನವಾಯಿತು. ಸಂತೋಷದ ಬೆನ್ನಿಗೇ ನಾಚಿಕೆ ಬಂತು. ತಮ್ಮ ಏನೂ ಮಾಡಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಒದ್ದದ್ದು ಯಾರು, ಒದೆ ತಿಂದದ್ದು ಯಾರು? ಅವನ ಮದುವೆಯಲ್ಲಿ ದೂರದ ಕುರ್ಚಿಯಲ್ಲಿ ಕೂತದ್ದು, ಅವನ ಕೈಗೆ ಎಂದೂ ಮನೆಯ ಬೀಗದಕೈ ಕೊಡದೆ ಇದ್ದದ್ದು, ಅಮ್ಮ ಸತ್ತ ದಿನವೂ ಅವನ ಹೆಗಲಿಗೆ ಒರಗದೆ ಗೋಡೆಗೆ ಒರಗಿದ್ದು, ಎಲ್ಲ ಒಂದೊಂದಾಗಿ ನೆನಪಾಯಿತು.

ಉದ್ದಣ್ಣ ಅಂಗಡಿಯಲ್ಲಿ ಒಂದು ಟೇಬಲ್ ಫ್ಯಾನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅಕ್ಕ ಮೆಟ್ಟಿಲು ಹತ್ತದೆ ಅಂಗಡಿಯೊಳಗೆ ಬಂದದ್ದು ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳು ಸ್ಟೂಲು ಎಳೆದುಕೊಂಡು ಕೂತು ನಡೆದದ್ದನ್ನೆಲ್ಲ ಹೇಳಿದಳು. ಟೈಮ್ ಕೇಳಿದ್ದು, ಹೇಳಿದ್ದು, ಪಿನ್ನು, ಪಂಪು, ಎಲ್ಲ. ಕೊನೆಗೆ, “ಇಷ್ಟು...” ಎಂದು ಸೀಟಿ ಹೊರಟದ್ದರಿಂದ ತಡೆದು, “ಇಲ್ಲೀತನಕ ನಾನು ನಿನ್ನನ್ನೇ...” ಎಂದಳು.

“ಗೊತ್ತಿತ್ತಕ್ಕ,” ಎಂದ ಉದ್ದಣ್ಣ.

“ಗೊತ್ತಿತ್ತಾ? ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?”

“ಏನಂತ ಬಿಡ್ಲಿ? ನೀನು ಕೇಳ್ಲೇ ಇಲ್ಲ. ಕೇಳದೆ ಹೋಗಿ ನಾನಲ್ಲ ನಾನಲ್ಲ ಅಂದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗ್ತಿತ್ತು. ದಿನಾ ಕೇಳ್ತಾ ಇದ್ದೆನಲ್ಲ, ಎಷ್ಟೊತ್ತಿಗೆ ಬರ್ತೀಯ ಅಂತ. ಒಂದಿನ ನಂಬಿಕೆ ಬಂದು ಹೇಳ್ತೀಯ ಅಂದ್ಕೊಂಡಿದ್ದೆ.”

“ಮತ್ತೆ ಎರಡು ದಿನ ಯಾಕೆ ನನ್ನ ನೋಡೋಕೆ ಬರ್ಲಿಲ್ಲ?”

“ಬಂದಿದ್ದೆ. ಎರಡು ದಿನಾನೂ ಬಾಗಿಲತನಕ ಬಂದೆ. ನಿನ್ನ ಮುಖ ನೋಡೋಕಾಗ್ದೆ ಹಿಂದೆ ಹೋದೆ.”

‘ತಪ್ಪಾಯ್ತು’ ಎಂದಿದ್ದರೆ ಆಗುತ್ತಿತ್ತು. ಸೀಟಿಯಿಲ್ಲದ, ಸುಲಭದ ಮಾತು, ಟೀವಿಯ ಕತ್ತೆಯೂ ಹೇಳುತ್ತದೆ. ಗುರುತಮ್ಮನಿಗೆ ಆ ಸುಲಭದ ಮಾತು ಬೇಡವಾಯಿತು. ಇಪ್ಪತ್ತೇಳು ವರ್ಷ ಯಾರ ಮುಂದೆಯೂ ಬೇಕೆಂದು ಬಿಡದ ಅಕ್ಷರಗಳನ್ನು ತಮ್ಮನ ಮುಂದೆ ಬಿಟ್ಟಳು.

“ಕ್ಷಮಿಸು ಕಣೋ,” ಎಂದಳು.

ಒಂದೇ ಮಾತಿನಲ್ಲಿ ಎರಡು ಸೀಟಿ. ಎದುರುಗಡೆ ಅಂಗಡಿಯವನು ತಿರುಗಿ ನೋಡಿದ. ಉದ್ದಣ್ಣನಿಗೆ ತಡೆಯಲಾಗದೆ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ಗ್ರೀಸು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿ ಅಕ್ಕನ ಮಂಡಿಯ ಮೇಲಿಟ್ಟ.

“ಹೋಗ್ಲಿ ಬಿಡಕ್ಕ.”

ಈ ಮಾತನ್ನು ಅವಳು ಎಷ್ಟು ಜನರ ಬಾಯಲ್ಲಿ ಕೇಳಿ ಹಲ್ಲು ಕಡಿದಿದ್ದಳು! ಒದೆ ತಿಂದವನ ಬಾಯಿಂದ ಕೇಳಿದ್ದು ಇದೇ ಮೊದಲು. ಅವಳು ಜೋರಾಗಿ ಅತ್ತಳು. ಅವನು ಫ್ಯಾನು ಜೋಡಿಸಿ ಮುಗಿಸುವತನಕ ಅಲ್ಲೇ ಕೂತಿದ್ದಳು.

ಮಾರನೇ ಬೆಳಗ್ಗೆ ಅವಳು ಮೆಟ್ಟಿಲಿಳಿಯುವ ಹೊತ್ತಿಗೆ ಉದ್ದಣ್ಣ ಶಟರ್ ಎತ್ತುತ್ತಿದ್ದ. “ಅಕ್ಕಾ, ಎಷ್ಟೊತ್ತಿಗೆ ಬರ್ತೀಯ?”

ಗುರುತಮ್ಮ ನಿಂತಳು. ಕೈ ತಿರುಗಿಸಿ ವಾಚು ನೋಡಿಕೊಂಡಳು. ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ, ಸೀಟಿ ಬಂದರೆ ಬರಲಿ ಎಂದು ಹೇಳಿದಳು:

“ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ. ಹಿಂದಿನ ಗೇಟಿಂದ.”

ಆರು ಗಂಟೆ ಹತ್ತು ನಿಮಿಷಕ್ಕೆ ಹಿಂದಿನ ಗೇಟಿನಲ್ಲಿ ಉದ್ದಣ್ಣ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ.